ಕಾಡಸಿದ್ದಪ್ಪನ ಅಂಗಳದ ಟ್ರಾಕ್ಟರು

ನಂದೀಶ್ವರಯ್ಯನವರಿಗೆ ಆ ದಿನ ಒದಗಿದ ಫಜೀತಿಗೆಲ್ಲ ಮೂಲ, ಪಕ್ಕದ ಮನೆಯ ಅಡವಯ್ಯ ಹೇಳಿದ ಒಂದು ಬುದ್ಧಿಮಾತು. ಪುಕ್ಕಟೆ ಸಿಕ್ಕಿದ್ದಕ್ಕಾದರೂ ಅದರ ಮೇಲೆ ಅನುಮಾನ ಪಡಬೇಕಿತ್ತು. ಪಡಲಿಲ್ಲ.

ನಂದೀಶ್ವರಯ್ಯ ಮಧುಗಿರಿಯಲ್ಲಿ ವಿಜ್ಞಾನದ ಮೇಷ್ಟ್ರು. ಮೂವತ್ತು ದಾಟಿದ್ದರೂ ಮದುವೆಯಾಗಿರಲಿಲ್ಲ. ಕೆಟ್ಟು ನಿಂತ ಯಂತ್ರ ಕಂಡರೆ ಬಿಚ್ಚಿ, ಒರೆಸಿ, ಮತ್ತೆ ಓಡಿಸಬೇಕೆಂಬ ಹುಚ್ಚು ಅವರಿಗೆ. ಗಡಿಯಾರ, ಹೊಲಿಗೆ ಯಂತ್ರ, ಗ್ರಾಮಫೋನು ಎಲ್ಲ ಮುಗಿದು, ಈಗ ಹಳೇ ಕಾಲದ ಟ್ರಾಕ್ಟರೊಂದಕ್ಕೆ ಜೀವ ಕೊಡಬೇಕೆಂಬ ಆಸೆ ತಲೆಗೇರಿತ್ತು. ಅನುಕೂಲವಿದ್ದವರು ಹೊಸ ಟ್ರಾಕ್ಟರಿಗೆ ಅರ್ಜಿ ಹಾಕಿ ಕಾಯುತ್ತಿದ್ದ ಕಾಲದಲ್ಲಿ ಇವರು ಕೆಟ್ಟಿದ್ದನ್ನು ಹುಡುಕಿಕೊಂಡು ಅಲೆದರು. ಕೊರಟಗೆರೆ ಹತ್ತಿರ ಒಂದಿದೆ ಎಂದು ಹೋದರೆ ಅದು ಕಬ್ಬಿನ ಗಾಣ. ಪಾವಗಡದಲ್ಲಿ ಸಿಕ್ಕಿದ್ದು ರೋಡ್ ರೋಲರ್. ಅದರ ನೆರಳಲ್ಲಿ ಮಲಗಿದ್ದವನು, "ಇದಿ ಗೌರ್ಮೆಂಟ್‌ದಿ ಸಾರ್, ಅಮ್ಮೇದಿ ಲೇದು" ಎಂದು, ಸರಕಾರದ್ದು, ಮಾರುವುದಲ್ಲ ಅನ್ನುವುದನ್ನು ತೆಲುಗಿನಲ್ಲೇ ಹೇಳಿ ಮಗ್ಗುಲು ಬದಲಿಸಿದ್ದ.

ಕೊನೆಗೆ ಸಾವಿರದ ಒಂಬೈನೂರ ಅರವತ್ತನಾಲ್ಕರ ಬೇಸಿಗೆಯಲ್ಲಿ ಖಚಿತ ಸುದ್ದಿ ಬಂತು. ಐ.ಡಿ.ಹಳ್ಳಿಯ ಕಾಡಸಿದ್ದಪ್ಪನ ತಂದೆ ಎಂದೋ ಒಂದು ಸೀಮೆಎಣ್ಣೆ ಟ್ರಾಕ್ಟರು ತರಿಸಿದ್ದನಂತೆ. ಕಬ್ಬಿಣದ ಚಕ್ರದ್ದು. ನಾಲ್ಕಾರು ವರ್ಷ ಉತ್ತು ನಿಂತುಹೋದದ್ದು ಇನ್ನೂ ಅಂಗಳದಲ್ಲೇ ಇದೆಯಂತೆ. ಮೇಷ್ಟ್ರಿಗೆ ಆ ರಾತ್ರಿ ನಿದ್ದೆ ಹತ್ತಲಿಲ್ಲ.

ಅಡವಯ್ಯ ದನದ ವ್ಯಾಪಾರದಲ್ಲಿ ಪಳಗಿದವನು. ಜತೆಗೆ ತಾನೂ ಬರುತ್ತೇನೆಂದು ಕರೆಯದೆಯೇ ಹೊರಟ. ಬಸ್ಸಿನಲ್ಲಿ ಕೂತ ಮೇಲೆ ಬುದ್ಧಿಮಾತು ಹೇಳಿದ.

"ಮೇಷ್ಟ್ರೇ, ಕೊಳ್ಳೋ ಎತ್ತಿನ ಕಡೆ ತಿರುಗಿ ನೋಡಬಾರ್ದು. ಪಕ್ಕದ ಎತ್ತಿನ ಹಲ್ಲು ಹಿಡಿದು ನೋಡ್ಬೇಕು. ಆಮ್ಯಾಕೆ ಎದ್ದು ಹೋಗೋವಾಗ, ಈ ಬಡಕಲನ್ನ ಯಾಕ್ ಮಡಗಿದ್ದೀಯಪ್ಪಾ ಅಂತ ಕೇಳ್ಬೇಕು. ನಿಮ್ಮ ಮಖದಾಗೆ ಆಸೆ ಕಂಡ್ರೆ ಕಾಡಸಿದ್ದಪ್ಪ ಕೊಡಾಕಿಲ್ಲ."

ಮೇಷ್ಟ್ರಿಗೆ ಇದು ಸರಿಯೆನಿಸಿತು. ಮುಖದಲ್ಲಿ ಆಸೆ ಕಾಣದಂತೆ ದಾರಿಯುದ್ದಕ್ಕೂ ಅಭ್ಯಾಸ ಮಾಡಿದರು. ಎದುರು ಸೀಟಿನ ಹೆಂಗಸು ಇವರಿಗೆ ಹಲ್ಲುನೋವೆಂದುಕೊಂಡು ಲವಂಗ ಕೊಟ್ಟಳು.

ಅಂಗಳಕ್ಕೆ ಕಾಲಿಡುತ್ತಲೇ ಟ್ರಾಕ್ಟರು ಕಂಡಿತು. ಮನೆಯ ಮುಂದೆ, ಬಾಗಿಲಿಗೆ ನೇರವಾಗಿ, ಆಳೆತ್ತರದ ಹಲ್ಲಿನ ಚಕ್ರಗಳ ಮೇಲೆ ನಿಂತಿತ್ತು. ಎಂಜಿನ್ನಿಗೆ ಗೋಣಿತಾಟು ಹೊದಿಸಿತ್ತು. ಮೇಷ್ಟ್ರ ಕಾಲು ತಾನಾಗಿ ಅತ್ತ ತಿರುಗಿತು. ಅಡವಯ್ಯ ಅವರ ತೋಳು ಹಿಡಿದು ಮುಖವನ್ನು ಬಾವಿಯ ಕಡೆಗೆ ತಿರುಗಿಸಿದ.

ಅಷ್ಟರಲ್ಲಿ ಕಾಡಸಿದ್ದಪ್ಪನೇ ಹೊರಬಂದು, ಯಾರು ಎತ್ತ ಎಂದು ವಿಚಾರಿಸಿದ. ಮೇಷ್ಟ್ರು ಬಾಯಿ ತೆರೆಯುವುದರೊಳಗೆ ಅಡವಯ್ಯ, "ನಿಮ್ಮನೇಲಿ ಮದ್ವೆಗೆ ಬಂದ ಹೆಣ್ಣೈತಂತೆ. ನಮ್ಮ ಮೇಷ್ಟ್ರಿಗೆ ನೋಡಾನ ಅಂತ ಬಂದ್ವಿ" ಎಂದುಬಿಟ್ಟ.

ಪಕ್ಕದ ಎತ್ತು ಅಂದರೆ ಇದೇ ಎಂದು ಮೇಷ್ಟ್ರಿಗೆ ಆಗ ಹೊಳೆಯಿತು. ಉಪ್ಪಿಟ್ಟು ತಿಂದು, ಊರಿಗೆ ಹೋಗಿ ತಿಳಿಸುತ್ತೇವೆ ಎಂದರಾಯಿತು ಎಂದು ಅಡವಯ್ಯ ಅವರ ಕಿವಿಯಲ್ಲಿ ಪಿಸುಗುಟ್ಟಿದ.

ಒಳಗೆ ಜಮಖಾನ ಹಾಸಿದರು. ಕಾಡಸಿದ್ದಪ್ಪನ ಮಗಳು ಶಿವರುದ್ರಮ್ಮ ಕಾಫಿ ತಂದಳು. ತಲೆ ತಗ್ಗಿಸದೆ ನೇರವಾಗಿ ನೋಡುವ ಹುಡುಗಿ. ಅವಳು ಬಂದು ನಿಂತದ್ದು ಕಿಟಕಿಗೆ ಅಡ್ಡವಾಗಿ. ಕಿಟಕಿಯಾಚೆ ಟ್ರಾಕ್ಟರು. ಅದು ಕಾಣಲೆಂದು ಮೇಷ್ಟ್ರು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ವಾಲಿದರು. ಹುಡುಗ ಬಹಳ ನಾಚಿಕೆಯವನು ಎಂದು ನಡುಮನೆಯ ಹೆಂಗಸರು ಮೆಚ್ಚಿಕೊಂಡರು.

ಕಾಡಸಿದ್ದಪ್ಪ ಎಲೆಅಡಿಕೆ ತಟ್ಟೆ ಮುಂದಿಟ್ಟು, "ಅಂಗಳದಾಗೆ ನಿಂತಿರೋದ ನೋಡಿದ್ರಾ ಮೇಷ್ಟ್ರೇ? ಹೆಂಗೈತೆ?" ಎಂದು ಕೇಳಿದ.

ಎಷ್ಟು ಚೆನ್ನಾಗಿದೆ ಎಂಬ ಮಾತು ಮೇಷ್ಟ್ರ ನಾಲಿಗೆಯ ತುದಿಗೆ ಬಂದಿತ್ತು. ಅಡವಯ್ಯನ ಮಂಡಿ ಅವರ ಮಂಡಿಗೆ ತಾಗಿತು.

"ಅದಾ? ಬರೀ ಹಳೇ ಕಬ್ಬಿಣ. ಮನೆ ಮುಂದೆ ಗುಜರಿ ಯಾಕೆ ಇಟ್ಕೊಂಡಿದ್ದೀರಿ?" ಅಂದರು. ಹೆತ್ತ ಮಗುವನ್ನು ಬೈದಷ್ಟು ಸಂಕಟವಾಯಿತು.

ಶಿವರುದ್ರಮ್ಮ ಲೋಟ ತೆಗೆದುಕೊಂಡು ಒಳಗೆ ಹೋದಳು. ಅಡವಯ್ಯ ಕಬ್ಬಿಣ ಕಾದಾಗಲೇ ಬಡಿಯೋಣವೆಂದು, ಅದು ಅಲ್ಲಿದ್ದರೆ ಮದುವೆ ಚಪ್ಪರ ಎಲ್ಲಿ ಹಾಕುತ್ತೀರಿ ಎಂದು ಸೇರಿಸಿದ. ಕಾಡಸಿದ್ದಪ್ಪ ಮೀಸೆ ನೀವಿಕೊಂಡು ಯೋಚಿಸಿದ. ಮನೆ ಮುಂದೆ ಚಪ್ಪರವಿಲ್ಲದೆ ಮದುವೆಯಿಲ್ಲ. ಚಪ್ಪರಕ್ಕೆ ಅದೊಂದೇ ಜಾಗ. ಸಿರಾದ ಅಹಮದ್ ಷರೀಫ್ ಹಳೇ ಕಬ್ಬಿಣ ಕೊಳ್ಳಲು ಲಾರಿ ತಂದು ಊರಬಾಗಿಲಲ್ಲೇ ನಿಂತಿದ್ದಾನೆ, ಕರೆದುಕೊಂಡು ಬಾ ಎಂದು ಆಳನ್ನು ಅಟ್ಟಿದ.

ಮೇಷ್ಟ್ರು ಉಪ್ಪಿಟ್ಟಿನ ತುತ್ತು ನುಂಗಲಾರದೆ ಕೂತರು. ಅಡವಯ್ಯ ಮಾತ್ರ, ಗುಜರಿಯವನು ಬಂದರೆ ಒಳ್ಳೆಯದೇ, ರೇಟು ಇಳಿಯುತ್ತದೆ ಎಂದು ಎರಡನೆಯ ಸಲ ಹಾಕಿಸಿಕೊಂಡ. ಹೊರಗೆ ಲಾರಿ ಬಂದು ನಿಂತ ಸದ್ದಾಯಿತು. ಯಾರೋ ಚಕ್ರದ ಮೇಲೆ ಸುತ್ತಿಗೆಯಿಂದ ಟಣ್ ಎಂದು ಬಡಿದು ನೋಡಿದರು. ಆ ಪೆಟ್ಟು ಮೇಷ್ಟ್ರ ಪಕ್ಕೆಗೆ ಬಿದ್ದಂತಾಯಿತು.

"ಇದು ಇಡಿಯಾಗಿ ಲಾರಿ ಹತ್ತೋದು ಮುಷ್ಕಿಲ್ ಗೌಡ್ರೇ," ಷರೀಫ್ ಹೇಳುತ್ತಿದ್ದ. "ಇಲ್ಲೇ ಒಡೆದು ತುಂಬ್ಕೊಂಡು ಹೋಗ್ತೀವಿ."

ಷರೀಫನ ಆಳು ಎಂಜಿನ್ನಿನ ಮೇಲಿನ ಗೋಣಿತಾಟು ಕಿತ್ತೆಸೆದು ದೊಡ್ಡ ಸುತ್ತಿಗೆ ಎತ್ತಿದ. ಮೇಷ್ಟ್ರು ತಟ್ಟೆ ದಾಟಿ, ಹೊಸಿಲು ದಾಟಿ, ಎಡವಿ ಎದ್ದು ಓಡಿಹೋಗಿ ಎಂಜಿನ್ನನ್ನು ಎರಡೂ ಕೈಯಲ್ಲಿ ತಬ್ಬಿಕೊಂಡರು.

"ಮುಟ್ಟಬೇಡಿ. ಇದಕ್ಕೇ ಕಣ್ರೀ ನಾನು ಬಂದಿದ್ದು. ಹೆಣ್ಣು ನೋಡೋಕಲ್ಲ."

ಸುತ್ತಿಗೆ ಎತ್ತಿದವನು ಎತ್ತಿದಂತೆಯೇ ನಿಂತ. ಮೇಷ್ಟ್ರು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಒಪ್ಪಿಸಿದರು. ಗುಜರಿ ಎಂದದ್ದು ಸುಳ್ಳು, ಇಂಥ ಯಂತ್ರ ತಾನು ಜನ್ಮದಲ್ಲಿ ಕಂಡಿಲ್ಲ, ಅಡವಯ್ಯ ಹೀಗೆ ಹೇಳು ಎಂದದ್ದಕ್ಕೆ ಹೇಳಿದೆ ಎಂದರು. ತಿರುಗಿ ನೋಡಿದರೆ ಅಡವಯ್ಯ ಬಾವಿಯೊಳಗೆ ಇಣುಕಿ ನೋಡುತ್ತಿದ್ದ.

ಕಾಡಸಿದ್ದಪ್ಪ ಜಗಲಿಯ ಮೇಲೆ ಕುಕ್ಕರಿಸಿದ. ಅವನ ದನಿಯಲ್ಲಿ ಸಿಟ್ಟಿಗಿಂತ ಬೇಸರವೇ ಹೆಚ್ಚಿತ್ತು.

"ನಮ್ಮಪ್ಪನ ಗಾಡಿ ಅಂದ್ರೆ ಮಗೀಗೆ ಪ್ರಾಣ. ಅವಳ ಜತೇಲೇ ಅದನ್ನೂ ಗಂಡನ ಮನೇಗೆ ಕಳಿಸ್ಬೇಕು ಅಂತಾವ ಮಡಗಿದ್ದೆ ಸೋಮಿ. ಅದಕ್ಕೇ ಹೆಂಗೈತೆ ಅಂತ ಕೇಳಿದ್ದು. ನೀವು ಗುಜರಿ ಅಂದ್ರಿ. ಅಳಿಯಂದ್ರಿಗೆ ಬ್ಯಾಡಾಂದ್ಮೇಲೆ ಯಾಕೆ ಅಂತ ಲಾರಿ ಕರೆಸ್ದೆ."

ಮೇಷ್ಟ್ರಿಗೆ ನೆಲ ಬಾಯಿ ಬಿಡಬಾರದೇ ಎನಿಸಿತು. ನಿಜ ಹೇಳಿದ್ದರೆ ಟ್ರಾಕ್ಟರು ತಾನಾಗಿ ಮನೆಗೆ ಬರುತ್ತಿತ್ತು. ಅದಕ್ಕೆ ಎಣ್ಣೆ ಹಾಕಲು ಜತೆಗೆ ಒಬ್ಬಳು ಹುಡುಗಿಯೂ ಬರುತ್ತಿದ್ದಳು. ಈಗಲಾದರೂ ಏನಾದರೂ ಹೇಳೋಣವೆಂದು ತಲೆಯೆತ್ತಿದರೆ ಶಿವರುದ್ರಮ್ಮ ಎದುರಿಗೇ ಬಂದು ನಿಂತಿದ್ದಳು.

"ಒಳಗೆ ಕೂತ್ಕಂಡು ಇದನ್ನ ಗುಜರಿ ಅಂದ್ರಿ," ಅಂದಳು, ದನಿ ಏರಿಸದೆ. "ಹೊರಗೆ ಬಂದು ನನ್ನ ನೋಡಾಕೆ ಬಂದಿಲ್ಲ ಅಂದ್ರಿ. ಎರಡ್ರಾಗೆ ಯಾವ್ದನ್ನ ನಿಮ್ಮನೇಗೆ ಕಳಿಸ್ಬೇಕು, ನೀವೇ ಹೇಳಿ."

ಎರಡೂ ಬೇಕು ಎಂದು ಮೇಷ್ಟ್ರ ಮನಸ್ಸು ಕೂಗುತ್ತಿತ್ತು, ಬಾಯಿ ಬರಲಿಲ್ಲ. ಅವಳು ಅವರ ಕೈಗಳನ್ನು ಎಂಜಿನ್ನಿನ ಮೇಲಿಂದ ಸರಿಸಿ, ಬಿದ್ದಿದ್ದ ಗೋಣಿತಾಟನ್ನು ಕೊಡವಿ ಮತ್ತೆ ಹೊದಿಸಿದಳು. ಗಾಡಿ ಎಲ್ಲಿಗೂ ಹೋಗುವುದಿಲ್ಲ, ಬಂದವರು ಹೋಗಲಿ ಎಂದು ಅಪ್ಪನಿಗೆ ಹೇಳಿ ಒಳಗೆ ನಡೆದಳು.

ಮಧುಗಿರಿಯ ಬಸ್ಸು ಆಗಲೇ ಹೋಗಿತ್ತು. ಷರೀಫ್ ಲಾರಿ ತಿರುಗಿಸಿದ. ಅಡವಯ್ಯ ಯಾರೂ ಹೇಳುವ ಮೊದಲೇ ಹೋಗಿ ಡ್ರೈವರ್ ಪಕ್ಕದ ಸೀಟಿನಲ್ಲಿ ಕೂತ. ಮೇಷ್ಟ್ರು ಮಾತ್ರ ಅಂಗಳದ ಅಂಚಿನಲ್ಲಿ ಪಂಚೆಯ ಧೂಳು ಕೊಡವುತ್ತ ನಿಂತೇ ಇದ್ದರು. ಷರೀಫನಿಗೆ ಅವರನ್ನು ನೋಡಿ ಕನಿಕರ ಬಂತು. ಲಾರಿಯ ಹಿಂದಿನ ಬಾಗಿಲು ಇಳಿಸಿದ.

"ಹತ್ತಿ ಸಾಬ್, ಮಧುಗಿರಿಗೆ ಬುಡ್ತೀನಿ. ಗುಜರಿಗೆ ಅಂತ ಬಂದಿದ್ದೀನಿ, ಖಾಲಿ ಹೋಗ್ಬಾರ್ದಲ್ಲ."

ಮೇಷ್ಟ್ರು ಹತ್ತಿ ಕೂತರು.