ಎರಡು ಕುಂದಿಗೆ ಎರಡು ಮಾರ್ಕು

ಡಾಕ್ಟರ ಪಾಠದಲ್ಲಿ ಒಂದೂ ಕುಂದಿಲ್ಲ ಎಂದು ನೂರು ವಿದ್ಯಾರ್ಥಿಗಳು ಬರೆದುಕೊಟ್ಟದ್ದೇ ಎಲ್ಲ ರಗಳೆಗೂ ಮೂಲ. ಮೆಡಿಕಲ್ ಕಾಲೇಜಿನಲ್ಲಿ ಹನ್ನೆರಡು ವರ್ಷದಿಂದ ಸಹಾಯಕ ಪ್ರಾಧ್ಯಾಪಕರಾಗಿಯೇ ಕೊಳೆಯುತ್ತಿದ್ದ ಅವರಿಗೆ ಅಂದು ಬಡ್ತಿಯ ಸಭೆ. ಬೆಳಿಗ್ಗೆಯೇ ಕಚೇರಿಯ ಕ್ಲರ್ಕಮ್ಮ ಫೈಲನ್ನು ಹಿಂದಕ್ಕೆ ತಳ್ಳಿದರು.

“ಸಾರ್, ‘ವಿದ್ಯಾರ್ಥಿಗಳು ತೋರಿಸಿದ ಕುಂದು’ ಅನ್ನೋ ಕಾಲಂ ಖಾಲಿ ಇದೆ. ‘ಅದರಿಂದ ಆದ ಸುಧಾರಣೆ’ಗೆ ಏನಂತ ಬರೀಲಿ?”

“ಕುಂದೇ ಇಲ್ವಲ್ಲಮ್ಮ, ಸುಧಾರಣೆ ಎಲ್ಲಿಂದ ತರ್ಲಿ?”

“ಸುಧಾರಣೆಗೇ ಸಾರ್ ಇಪ್ಪತ್ತು ಅಂಕ. ಕೋಮಾ ಸಾರ್ ನೋಡಿ, ನಲವತ್ತು ದೂರು. ಪಾಠ ಕೇಳಿಸಲ್ಲ ಅಂದ್ರು, ಮೈಕ್ ಹಾಕ್ಕೊಂಡ್ರು. ಇಪ್ಪತ್ತಕ್ಕೆ ಇಪ್ಪತ್ತು!”

ಕೋಮಾ ಎಂದರೆ ಪಕ್ಕದ ಕೋಣೆಯ ಸಹೋದ್ಯೋಗಿ. ಅವನ ತರಗತಿಯಲ್ಲಿ ಯಾರಿಗೂ ಪ್ರಜ್ಞೆ ಉಳಿಯುವುದಿಲ್ಲವೆಂದು ಹುಡುಗರು ಇಟ್ಟ ಹೆಸರು. ಇದ್ದ ಹುದ್ದೆ ಒಂದು, ಆಸೆಪಟ್ಟವರು ಇವರಿಬ್ಬರು. ಡಾಕ್ಟರು ತರಗತಿಗೆ ಓಡಿದರು.

“ನನ್ನಲ್ಲಿರೋ ಕುಂದು ಬರೀರಪ್ಪ. ಹೆಸರು ಹಾಕ್ಬೇಡಿ.”

ಒಂದು ಪೆನ್ನೂ ಅಲ್ಲಾಡಲಿಲ್ಲ. ಮುಂದಿನ ವಾರವೇ ಇವರದೇ ಮೌಖಿಕ ಪರೀಕ್ಷೆ. ಕಣ್ಣಿದ್ದೂ ಬಾವಿಗೆ ಬೀಳುವವರು ಯಾರು? ಮುಂದಿನ ಬೆಂಚಿನ ಹುಡುಗಿ ಎದ್ದು, “ನಿಮಗೆ ಸಿಟ್ಟೇ ಬರಲ್ಲ, ಅದೇ ಕುಂದು ಸಾರ್,” ಎಂದಳು.

“ನಿನ್ನ ತಲೆ! ಬರೀರಿ ಅಂದ್ರೆ ಬರೀರಿ!” ಎಂದು ಡಾಕ್ಟರು ಮೇಜು ಗುದ್ದಿದರು. ಗುದ್ದಿದ ಮೇಲೆ ಬಂದದ್ದೂ ಬರೀ ಹೊಗಳಿಕೆ. ಸಭೆಗೆ ಇನ್ನು ಒಂದು ಗಂಟೆ ಇತ್ತು.

“ಎಲ್ಲರೂ ಎರಡೆರಡು ಕುಂದು ಬರೆದ್ರೆ ಎಲ್ಲರಿಗೂ ಇಂಟರ್ನಲ್ಸ್‌ನಲ್ಲಿ ಎರಡು ಮಾರ್ಕ್ಸು!”

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ಇಲ್ಲಿ ಹೋದದ್ದು ಎರಡು ಮಾರ್ಕಿಗೆ. ಐದೇ ನಿಮಿಷದಲ್ಲಿ ನೂರು ಹಾಳೆ ಕೈಗೆ ಬಂದವು.

ಮೆಟ್ಟಿಲಿಳಿಯುತ್ತ ಮೇಲಿನ ಹಾಳೆಯ ಮೊದಲ ಕುಂದು ಓದಿದರು. “ಸರ್ ರೋಗಿಯ ಹೆಸರು ಕೇಳುವುದಿಲ್ಲ. ಏಳನೇ ಬೆಡ್ಡು, ಒಂಬತ್ತನೇ ಬೆಡ್ಡು ಎನ್ನುತ್ತಾರೆ. ನಾವೂ ಹಾಗೇ ಕಲಿತೆವು.”

ಯಾರೋ ಕಪಾಳಕ್ಕೆ ಹೊಡೆದಂತಾಯಿತು. ಇಲ್ಲದ ಕುಂದು ಕೇಳಿದರೆ ಇದ್ದದ್ದನ್ನೇ ಬರೆದುಕೊಟ್ಟಿದ್ದರು. ಇಷ್ಟು ವರ್ಷ ಪ್ರೀತಿ ಎಂದುಕೊಂಡದ್ದು ಭಯವಾಗಿತ್ತು. ಡಾಕ್ಟರಿಗೆ ನಾಚಿಕೆಯಾಯಿತು. ಮುಂದಕ್ಕೆ ಓದುವ ಧೈರ್ಯ ಬರಲಿಲ್ಲ.

ನೇರ ವಾರ್ಡಿಗೆ ಹೋಗಿ ಏಳನೇ ಬೆಡ್ಡಿನ ಮುದುಕನನ್ನು, “ಯಜಮಾನ್ರೇ, ನಿಮ್ಮ ಹೆಸರೇನು?” ಎಂದು ಕೇಳಿದರು.

ಮುದುಕನ ಮುಖ ಬಿಳಿಚಿಕೊಂಡಿತು. “ಯಾಕೆ ಡಾಕ್ಟ್ರೇ, ಅಷ್ಟು ಸೀರಿಯಸ್ಸಾ? ಮಗಳಿಗೆ ಹೇಳಿ ಕಳಿಸ್ಲಾ?”

ಅವನನ್ನು ಸಮಾಧಾನ ಮಾಡುವಷ್ಟರಲ್ಲಿ ಹೊತ್ತು ಮೀರಿತ್ತು. ‘ರೋಗಿಗಳ ಹೆಸರು ಕೇಳಲು ಆರಂಭಿಸಿದ್ದೇನೆ’ ಎಂದು ಸುಧಾರಣೆಯ ಕಾಲಂನಲ್ಲಿ ಗೀಚಿ, ಹಾಳೆಗಳನ್ನು ಕ್ಲರ್ಕಮ್ಮನ ಕೈಗೆ ತುರುಕಿದರು.

ಸಂಜೆ ಪ್ರಿನ್ಸಿಪಾಲರು ಒಳಗೆ ಕರೆದರು. ಪಕ್ಕದ ಕುರ್ಚಿಯಲ್ಲಿ ಕೋಮಾ ಕೂತಿದ್ದ.

“ಮೊದಲನೇ ಕುಂದು ಒಬ್ಬೊಬ್ಬರದು ಒಂದೊಂದು ಥರ ಇದೆ. ಎರಡನೇದು ಮಾತ್ರ ಎಂಬತ್ತೇಳು ಜನ ಒಂದೇ ಬರೆದಿದಾರೆ, ಓದ್ಲಾ? ‘ಮಾರ್ಕ್ಸಿನ ಆಸೆ ತೋರಿಸಿ ಅಭಿಪ್ರಾಯ ಬರೆಸಿಕೊಳ್ಳುತ್ತಾರೆ.’”

ಪ್ರಿನ್ಸಿಪಾಲರು ಹಾಳೆ ಕೆಳಗಿಟ್ಟು ಕೋಮಾನತ್ತ ಕೈ ತೋರಿಸಿದರು.

“ಹುದ್ದೆ ಇವರಿಗಾಯ್ತು. ನಿಮ್ಮನ್ನ ಸುಧಾರಿಸೋ ಹೊಣೆನೂ ಇವರದೇ. ನಾಳೆಯಿಂದ ಒಂದು ವರ್ಷ ಇವರ ಕ್ಲಾಸಲ್ಲಿ ಕೂತು ಪಾಠ ಮಾಡೋದು ಕಲೀರಿ.”

ಹೊರಗೆ ಬಂದ ಮೇಲೆ ಕೋಮಾ ಹೆಗಲ ಮೇಲೆ ಕೈ ಹಾಕಿದ. “ವರ್ಷದ ಕೊನೆಗೆ ನಿಮ್ಮ ವರದಿ ನಾನು ಬರೀಬೇಕು. ಅದಕ್ಕೂ ಮುಂಚೆ ನನ್ನ ಪಾಠದ ಬಗ್ಗೆ ನೀವು ಅಭಿಪ್ರಾಯ ಬರೀಬೇಕು. ಸಂಕೋಚ ಬೇಡ, ಕುಂದಿದ್ರೆ ಈಗಲೇ ಹೇಳಿ.”

“ನಿಮ್ಮ ಪಾಠ ಅಂದ್ರೆ ನನಗೆ ಮೊದಲಿಂದಲೂ ಇಷ್ಟ ಸಾರ್,” ಎಂದರು ಡಾಕ್ಟರು.