ಎರಡು ಹನಿ ಔಷಧ, ಒಂದು ಖಾರದ ಕೈ

ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ, ಈ ಮೂರೂ ತಾಲೂಕಿನಿಂದ ಪೋಲಿಯೋ ಎಂಬ ಪೀಡೆಯನ್ನು ಒಬ್ಬನೇ ಓಡಿಸಿದವನು ನಾನು.

ಸುಳ್ಳು. ಓಡಿಸಿದವರು ಸಿಸ್ಟರ್‌ಗಳು. ನಾನು ಸರಕಾರಿ ದವಾಖಾನೆಯ ಜವಾನ, ಅವರ ಹಿಂದೆ ಔಷಧದ ಐಸ್ ಡಬ್ಬಿ ಹೊತ್ತು ತಿರುಗಿದವನು. ಅದೂ ಪೂರ್ತಿ ಖರೇ ಅಲ್ಲ; ಬಿಸಿಲು ಏರಿದ ಮೇಲೆ ಡಬ್ಬಿಯನ್ನೂ ಸಿಸ್ಟರೇ ಹೊರುತ್ತಿದ್ದರು. ತೊಂಬತ್ತರ ದಶಕ ಮುಗಿಯುವ ಹೊತ್ತಿನ ಮಾತು. ಐದು ವರ್ಷದೊಳಗಿನ ಮಕ್ಕಳ ಬಾಯಿಗೆ ಎರಡೆರಡು ಹನಿ, ಅಷ್ಟೇ ಕೆಲಸ. ಎರಡು ಹನಿ ಹಾಕುವುದರಲ್ಲಿ ಏನು ಎಡವಟ್ಟು ಆದೀತು ಅಂತೀರಿ? ನನ್ನನ್ನು ಜೊತೆಗೆ ಕರಕೊಂಡು ಹೋದರೆ ಗೊತ್ತಾಗುತ್ತದೆ.

೧. ಡಾಕ್ಟರ ಕಿರುಬೆರಳು

ಮೊದಲು ನನ್ನನ್ನು ರಾಣೇಬೆನ್ನೂರು ಬಸ್‌ಸ್ಟ್ಯಾಂಡಿನ ಬೂತಿನಲ್ಲಿ ಕೂರಿಸಿದ್ದರು. ಹನಿ ಹಾಕಿಸಿಕೊಂಡ ಮಗುವಿನ ಎಡಗೈ ಕಿರುಬೆರಳಿಗೆ ಮಸಿ ಹಚ್ಚುವುದು ನನ್ನ ಕೆಲಸ. ಓಟು ಹಾಕಿದಾಗ ಹಚ್ಚುತ್ತಾರಲ್ಲ, ಅಂಥದೇ ಮಸಿ. ತಿಕ್ಕಿದರೂ ಹೋಗುವುದಿಲ್ಲ.

ಮಧ್ಯಾಹ್ನ ನಮ್ಮ ಡಾಕ್ಟರು ರೊಟ್ಟಿ ಊಟ ಮುಗಿಸಿ ಕುರ್ಚಿಯಲ್ಲೇ ಗೊರಕೆ ಹೊಡೆಯತೊಡಗಿದರು. ಎಡಗೈ ಜೋತುಬಿದ್ದಿತ್ತು. ಕಿರುಬೆರಳು ನನ್ನನ್ನೇ ನೋಡುತ್ತಿತ್ತು. ನನ್ನ ಕೈಯಲ್ಲಿ ಮಸಿ ಕಡ್ಡಿ. ದೇವರು ಎರಡನ್ನೂ ಎದುರಾಬದುರಾ ಇಟ್ಟಾಗ ನಾನು ಬೇಡ ಅನ್ನಲಿಕ್ಕೆ ಯಾರು?

ಸಂಜೆ ದೊಡ್ಡ ಸಾಹೇಬರ ಜೀಪು ಬಂತು. ಡಾಕ್ಟರು ಎದ್ದು ನಿಂತು, ಎಡಗೈ ಎತ್ತಿ ಬೀಸಿ ಹೇಳಿದರು, "ಸಾಹೇಬರ, ಈ ಊರಾಗ ನಾವು ಒಬ್ಬರನ್ನೂ ಬಿಟ್ಟಿಲ್ರಿ."

ಸಾಹೇಬರು ಆ ಬೆರಳನ್ನೇ ದಿಟ್ಟಿಸಿ ನೋಡಿದರು. "ಕಾಣತೈತಿ ಬಿಡ್ರಿ ಡಾಕ್ಟರ. ಒಬ್ಬರನ್ನೂ ಬಿಟ್ಟಿಲ್ಲ."

೨. ಸೋಡಾ ಮಾಮಾ

ಮರುದಿನವೇ ನನ್ನನ್ನು ಬೂತಿನಿಂದ ಎಬ್ಬಿಸಿ, ಹಾವೇರಿಯಲ್ಲಿ ಮನೆಮನೆ ತಿರುಗುವ ಸಿಸ್ಟರ್ ಒಬ್ಬರ ಹಿಂದೆ ಹಚ್ಚಿದರು. ಕಟ್ಟುನಿಟ್ಟಿನ ಹೆಂಗಸು. "ಔಷಧ ತಣ್ಣಗಿರಬೇಕು. ನಾ ಹೇಳದ ಮುಚ್ಚಳ ತಗೀಬ್ಯಾಡ. ತಿಳೀತಿಲ್ಲೋ?" ಅಂದರು.

ತಿಳಿದಿತ್ತು. ತಣ್ಣಗಿರುವ ಡಬ್ಬಿ ಅಂದಕೂಡಲೆ ನನಗೆ ಇನ್ನೂ ಒಂದು ತಿಳಿಯಿತು. ಅವರು ಹೆಗಲಿಗೆ ಬ್ಯಾಗು ಹಾಕಿಕೊಳ್ಳುವಷ್ಟರಲ್ಲಿ ಐಸಿನ ನಡುವೆ ಒಂದು ಗೋಲಿ ಸೋಡಾ ಬಾಟ್ಲಿ ತುರುಕಿದೆ.

ಮೊದಲ ಮನೆಯ ಕಟ್ಟೆಯ ಮೇಲೆ ಸಿಸ್ಟರ್ ಡಬ್ಬಿಗೆ ಕೈ ಹಾಕಿದರು. ಬೆರಳುದ್ದದ ಶೀಶೆ ಬರಬೇಕಾದಲ್ಲಿ ಮೊಳದುದ್ದದ ಬಾಟ್ಲಿ ಬಂತು. "ಏ, ಪೋಲಿಯೋದವರು ಸೋಡಾ ತಂದಾರಲೇ!" ಅಂತ ಯಾವನೋ ಕೂಗಿದ. ಐದು ವರ್ಷದವರು, ಹತ್ತು ವರ್ಷದವರು, ಮೀಸೆ ಬಂದವರು, ಇಡೀ ಓಣಿಯೇ ಸಾಲು ಹಚ್ಚಿತು. ಸಿಸ್ಟರ್ ಸಣ್ಣವರನ್ನು ಆರಿಸಿ ಆರಿಸಿ ಹನಿ ಹಾಕಿದರು. ಉಳಿದವರು "ಸೋಡಾ ಮಾಮಾ, ಸೋಡಾ ಎಲ್ಲಿ?" ಅಂತ ನನ್ನ ಅಂಗಿ ಜಗ್ಗಿದರು.

"ನೋಡ್ರಿ ಅಕ್ಕೋರ, ಒಂದು ತಾಸಿನಾಗ ಓಣಿ ಖಲಾಸ್," ಅಂತ ನಾನು ಎದೆ ಉಬ್ಬಿಸಿದೆ.

ಸಿಸ್ಟರ್ ಬಾಟ್ಲಿಯನ್ನು ನನ್ನ ಕೈಗಿಟ್ಟರು. "ಇನ್ನೊಮ್ಮೆ ಇದರಾಗ ಔಷಧ ಬಿಟ್ಟು ಬ್ಯಾರೆ ಏನರ ಕಂಡ್ರ, ಅದನ್ನ ತಗದು ನಿನ್ನ ತುಂಬತೀನಿ."

೩. ಬ್ಯಾಡಗಿಯ ಓಣಿ

ಬ್ಯಾಡಗಿಗೆ ಹೋಗುವ ಬಸ್ಸಿನಲ್ಲಿ ಸಿಸ್ಟರ್ ಡಬ್ಬಿಯನ್ನು ತಮ್ಮ ತೊಡೆಯ ಮೇಲೇ ಇಟ್ಟುಕೊಂಡರು. ಇಳಿದ ಮೇಲೆ ಹೇಳಿದರು, "ಹಿಂದಿನ ಸುತ್ತಿನಾಗ ಈ ಓಣಿ ಬಾಗಿಲಾನ ತಗೀಲಿಲ್ಲ. ಬಾಜೂ ಓಣ್ಯಾಗ ಒಂದು ಹುಡುಗಿ ಕಾಲು ಎಳಕೊಂಡು ನಡೀತೈತಿ. ಅಂಥಾ ಇನ್ನೊಂದು ಕೂಸು ನೋಡೂದು ನನ್ನ ಕಡಿಂದ ಆಗೂದಿಲ್ಲ. ಇವತ್ತ ನಿನ್ನ ಕೈ ಮುಗೀತೀನಿ, ಮಂಗ್ಯಾನಾಟ ಬ್ಯಾಡ."

ನನ್ನಾಣೆ, ಅವತ್ತು ನಾನು ಆಟ ಆಡಲಿಲ್ಲ. ಒಳ್ಳೆಯದು ಮಾಡಲು ಹೋದೆ. ಅದೇ ತಪ್ಪಾಯಿತು.

ಆ ಓಣಿಯ ಹೆಂಗಸರೆಲ್ಲ ವ್ಯಾಪಾರಿಗಳ ಮೆಣಸಿನಕಾಯಿ ತಂದು ತೊಟ್ಟು ಬಿಡಿಸುವವರು. ಮನೆ ಮುಂದೆ ಕೆಂಪು ರಾಶಿ, ಸುತ್ತ ಹೆಂಗಸರು, ನಡುವೆ ಎಲ್ಲರಿಗೂ ಹಿರಿಯಳು, ಓಣಿಯೆಲ್ಲ ಖಾಲಾ, ಅಂದರೆ ಚಿಕ್ಕಮ್ಮ, ಅಂತ ಕರೆಯುವ ಮುದುಕಿ. ಆಕೆ ಹೂಂ ಅಂದರೆ ಓಣಿ ಹೂಂ, ಆಕೆ ಉಹೂಂ ಅಂದರೆ ಉಹೂಂ.

"ಅಕ್ಕೋರ, ಈ ರಾಶಿ ಮುಗೀಲಿ, ಆಮ್ಯಾಲೆ ನಿಮ್ಮ ದವಾ ನೋಡೂಣು," ಅಂದಳು ಖಾಲಾ.

ರಾಶಿ ನನ್ನ ಎದೆಯೆತ್ತರ ಇತ್ತು. ಲಗೂ ಮುಗಿಯಲಿ ಅಂತ ನಾನೂ ಕೂತು ತೊಟ್ಟು ಮುರಿಯತೊಡಗಿದೆ. ಹೆಂಗಸರು ಮುಸಿಮುಸಿ ನಕ್ಕರು. "ಸರಕಾರ ನಮ್ಮ ಜೋಡಿ ದುಡಿಯಾಕ ಬಂತವ್ವಾ!" ಒಂದು ತಾಸು ಮುರಿದೆ. ಖಾಲಾಳ ಮನಸ್ಸು ಕರಗಿತು. "ಪಾಪ, ಛಲೋ ಮನಿಶ್ಯಾ. ಮೊದಲು ನನ್ನ ಮಮ್ಮಗಗ ಹಾಕ್ರಿ," ಅಂತ ಒಂದೂವರೆ ವರ್ಷದ ಗುಂಡುಗುಂಡಾದ ಕೂಸನ್ನು ಒಳಗಿನಿಂದ ತರಿಸಿದಳು.

ಕೂಸು ಬಾಯಿ ಬಿಗಿಹಿಡಿಯಿತು. ನಾನು ಮುಂದೆ ಹೋಗಿ ಎರಡೂ ಗಲ್ಲ ಹಿಡಿದು, ಹೆಬ್ಬೆರಳಿನಿಂದ ತುಟಿ ಬಿಡಿಸಿದೆ. ಸಿಸ್ಟರ್ ಎರಡು ಹನಿ ಬಿಟ್ಟರು.

ಬ್ಯಾಡಗಿ ಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ ಅಂತ ಜಗತ್ತೆಲ್ಲ ಹೇಳುತ್ತದೆ. ನಾನೂ ನಂಬಿದ್ದೆ. ಕಡಿಮೆ ಅಂದರೆ ಇಲ್ಲ ಅಂತಲ್ಲ.

ಕೂಸು ಒಂದು ಗಳಿಗೆ ತುಟಿ ಚಪ್ಪರಿಸಿತು. ಆಮೇಲೆ ಕಿರುಚಿತು ನೋಡ್ರಿ, ಕಾಗಿನೆಲೆಗೆ ಕೇಳಿಸಿರಬೇಕು.

"ದವಾ ಉರೀತೈತಿ! ಕೂಸಿನ ಬಾಯಿ ಸುಟ್ಟಾರ!" ಯಾರೋ ಕೂಗಿದರು. ಧಡ್ ಧಡ್ ಅಂತ ಓಣಿಯ ಬಾಗಿಲೆಲ್ಲ ಮುಚ್ಚಿದವು. ಖಾಲಾ ಕೂಸನ್ನು ಎದೆಗವಚಿಕೊಂಡಳು. "ಏನು ಹಾಕಿದ್ರಿ ಇದಕ್ಕ? ನಡೀರಿ ಇಲ್ಲಿಂದ!"

ಸಿಸ್ಟರ್ ಶೀಶೆ ಹಿಡಿದುಕೊಂಡು ಕಲ್ಲಿನಂತೆ ನಿಂತುಬಿಟ್ಟರು. ಮುಚ್ಚಿದ ಬಾಗಿಲುಗಳ ಮೇಲೆಯೇ ಅವರ ಕಣ್ಣಿತ್ತು.

ನನಗೆ ಗೊತ್ತಾಗಿತ್ತು. ಹೇಳಿಬಿಡಬೇಕಿತ್ತು. ಗಂಡಸು ಅಂದಮೇಲೆ ತಪ್ಪು ಒಪ್ಪಿಕೊಳ್ಳಬೇಕು. ನಾನು ಹೇಳಿದ್ದು ಇಷ್ಟು: "ಹಲ್ಲು ಬರಾಕತ್ತಿರಬೇಕ್ರಿ, ಅದಕ್ಕ ಅಳತೈತಿ."

ಸುಳ್ಳು ಹೇಳಿ ನನಗೆ ಅಭ್ಯಾಸ ಇದೆ, ಆದರೆ ಅವತ್ತು ಯಾಕೋ ಹಣೆ ಬೆವರಿತು. ಬೆವರು ಕಣ್ಣಿಗಿಳಿಯಿತು. ಎರಡೂ ಕೈಯಿಂದ ಎರಡೂ ಕಣ್ಣು ಒರೆಸಿಕೊಂಡೆ.

ಆಮೇಲೆ ಕಿರುಚಿದವನು ನಾನು. ಕೂಸು ಅಳುವುದನ್ನು ನಿಲ್ಲಿಸಿ ನನ್ನನ್ನೇ ನೋಡಿತು. ನಾನು ಓಣಿಯ ನಡುವೆ ಕುಣಿದೆ, ಕೂತೆ, ಎದ್ದೆ, "ಯವ್ವಾ, ಸತ್ನಿ!" ಅಂದೆ. ಖಾಲಾ ನನ್ನ ಮುಂಗೈ ಹಿಡಿದು ಮೂಸಿ ನೋಡಿದಳು.

"ಯಾ ಅಲ್ಲಾ! ಕೈ ತೊಳದಿಲ್ಲೇನೋ ಮೂಳಾ? ಕಾಯಿ ಮುರದ ಕೈಲೆ ನಾವು ಎಣ್ಣಿ ಹಚ್ಚಿ ತೊಳೀದ ಕೂಸಿನ ಸಮೀಪ ಸೈತ ಹೋಗಂಗಿಲ್ಲ!" ಅಂದವಳೇ ಓಣಿಗೆಲ್ಲ ಕೇಳುವಂತೆ ಕೂಗಿದಳು, "ಬಾಗಿಲ ತಗೀರಿ! ದವಾ ಛಲೋ ಐತಿ. ಖಾರ ಇರೂದು ಈ ಜವಾನನ ಕೈಯಾಗ!"

ಒಬ್ಬಳು ಕೂಸಿನ ತುಟಿಗೆ ಎಣ್ಣೆ ಸವರಿದಳು. ಇನ್ನೊಬ್ಬಳು ನನ್ನ ತಲೆಯ ಮೇಲೆ ಒಂದು ಕೊಡ ನೀರು ಸುರಿದಳು. ಖಾಲಾ ಹಳೆಯ ದಾವಣಿಯಿಂದ ನನ್ನ ಎರಡೂ ಕೈ ಬೆನ್ನ ಹಿಂದೆ ಕಟ್ಟಿ ಕಟ್ಟೆಯ ಮೇಲೆ ಕೂರಿಸಿದಳು. ಸರಕಾರಿ ನೌಕರ, ನಡುಹಗಲು, ಕೈ ಕಟ್ಟಿಸಿಕೊಂಡು ಗೊಳೋ ಅಂತ ಅಳುತ್ತಿದ್ದೇನೆ. ನೋಡಲು ಯಾರಿಗೆ ಬೇಡ? ಮನೆಮನೆಯಿಂದ ಮಕ್ಕಳು ಬಂದವು. ಸೊಂಟದ ಮೇಲಿನವು, ಕೈ ಹಿಡಿದು ನಡೆಯುವವು, ಎಲ್ಲ ನನ್ನ ಮುಂದೆ ನಿಂತು ಬಾಯಿ ತೆರೆದು ನಕ್ಕವು. ತೆರೆದ ಬಾಯಿಗೆ ಸಿಸ್ಟರ್ ಎರಡೆರಡು ಹನಿ ಬಿಡುತ್ತ ಹೋದರು. ಗಲ್ಲ ಹಿಡಿಯುವ ಕೆಲಸವೇ ಬೀಳಲಿಲ್ಲ.

ನನ್ನ ಉರಿ ಸ್ವಲ್ಪ ತಗ್ಗಿತು. ಅಳು ನಿಂತಿತು. ಸಿಸ್ಟರ್ ಬಗ್ಗಿ ನನ್ನ ಕಿವಿಯಲ್ಲಿ ಅಂದರು, "ಇನ್ನೂ ಮೂರು ಮನಿ ಉಳದಾವು. ಅಳೋ ಮಾರಾಯಾ."

ಅತ್ತೆ. ಓಣಿಯಲ್ಲಿ ಒಂದು ಕೂಸೂ ಉಳಿಯಲಿಲ್ಲ.

ಮುಂದಿನ ಸುತ್ತಿಗೆ ಹೋದಾಗ ಎಲ್ಲ ಬಾಗಿಲೂ ಮೊದಲೇ ತೆರೆದಿದ್ದವು. ಖಾಲಾ ನನ್ನನ್ನು ಬಿಟ್ಟು ಸಿಸ್ಟರನ್ನು ಕೇಳಿದಳು, "ಅಕ್ಕೋರ, ಇಂವಗ ಕಾಯಿ ಈಗ ಮುರಿಯಾಕ ಕೊಡ್ಲೋ, ಹುಡುಗೂರು ಎಲ್ಲಾ ಕೂಡಿದ ಮ್ಯಾಲೆ ಕೊಡ್ಲೋ?"

ನಗ್ರಿ, ನಗ್ರಿ. ಅಂದಹಾಗೆ, ಈಗಷ್ಟೇ ಈ ಚಹಾದಂಗಡಿಯಲ್ಲಿ ನಿಮ್ಮ ಎದುರಿಗೇ ನಾಲ್ಕು ಮಿರ್ಚಿ ಭಜಿ ತಿಂದೀನಿ. ಈ ಕೈಯನ್ನು ನಾನು ಕಿಸೆಗೆ ಹಾಕುವಂತಿಲ್ಲ, ಕಿಸೆಯಲ್ಲಿ ರೊಕ್ಕದ ಜೋಡಿ ಕಣ್ಣು ಒರೆಸಿಕೊಳ್ಳುವ ಕರ್ಚೀಫು ಐತಿ. ಭಜಿ, ಚಹಾದ ರೊಕ್ಕ ನೀವೇ ಕೊಟ್ಟುಬಿಡ್ರಿ.