ಬೆರಳಿಗೊಂದು ಅರ್ಜಿ

ಒಬ್ಬರು ಹೇಳಿದರೆ ಸಲಹೆ, ಅದನ್ನೇ ಇಬ್ಬರು ಹೇಳಿದರೆ ಚಳವಳಿ. ಎಂತದು, ಹೇಳಿ ನೋಡುವ? ತಲೆ ಕೆರೆದುಕೊಳ್ಳುವುದು ಬೇಡ, ನಿಮಗೆ ಬರುವುದಿಲ್ಲ. ಉತ್ತರ ಇರುವುದು ಹಿರಿಯಡ್ಕದಿಂದ ಆಚೆಗಿನ ಒಂದು ಗೇರುಬೀಜ ಕಾರ್ಖಾನೆಯ ನೋಟಿಸ್ ಬೋರ್ಡಿನಲ್ಲಿ:

"ನೌಕರರಿಗೆ ಅಹವಾಲು ಸಲ್ಲಿಸುವ ಸಂಪೂರ್ಣ ಸ್ವಾತಂತ್ರ್ಯವಿದೆ. ತಲಾ ವರ್ಷಕ್ಕೊಂದು. ಒಬ್ಬರ ಅಹವಾಲು ಮತ್ತೊಬ್ಬರದ್ದರಂತೆ ಇದ್ದಲ್ಲಿ ಅದನ್ನು ಚಳವಳಿಯೆಂದು ಪರಿಗಣಿಸಿ ಇಬ್ಬರನ್ನೂ ಕೆಲಸದಿಂದ ಬಿಡುಗಡೆಗೊಳಿಸಲಾಗುವುದು."

ಚಂಪಕ್ಕ ಅಲ್ಲಿ ಬೀಜ ಒಡೆಯುವವರು. ಸಿಪ್ಪೆಯ ಎಣ್ಣೆ ತಾಗಿ ತಾಗಿ ಅವರ ಬೆರಳಿನ ಗೆರೆಗಳೆಲ್ಲ ಅಳಿಸಿಹೋಗಿದ್ದವು. ರೇಷನ್ ಅಂಗಡಿಯ ಮೆಷಿನಿನ ಮೇಲೆ ಹತ್ತೂ ಬೆರಳು ಒತ್ತಿದರು. ಇಂಥವರು ಯಾರೂ ಇಲ್ಲ ಎಂದಿತು ಅದು. ಎರಡು ತಿಂಗಳಿಂದ ಅಕ್ಕಿ ಇಲ್ಲ. ಅವರಿಗೆ ಬೇಕಾದದ್ದು ಒಂದು ಜೊತೆ ಗ್ಲೌಸ್. ಪಕ್ಕದಲ್ಲಿ ಕೂರುವ ಒಂಬತ್ತು ಹೆಂಗಸರಿಗೆ ಬೇಕಾದದ್ದೂ ಅದೇ. ಹಾಗಾಗಿ ಯಾರೂ ಕೇಳುವ ಹಾಗಿಲ್ಲ.

ಊಟದ ಹೊತ್ತಿಗೆ ಅವರಲ್ಲೊಬ್ಬರಾದ ಬರ್ತಾಬಾಯಿ ಮೀನಿನ ಮುಳ್ಳು ಬಿಡಿಸುತ್ತಾ ದಾರಿ ತೋರಿಸಿದರು. "ನಾವು ಹತ್ತು ಜನ, ಬೆರಳೂ ಹತ್ತು ಅಲ್ವಾ ಮಾರಾಯ್ತಿ? ಒಬ್ಬೊಬ್ಬರು ಒಂದೊಂದಕ್ಕೆ ಕೇಳುವ."

ಚಂಪಕ್ಕನ ಪಾಲಿಗೆ ಬಲಗೈ ಹೆಬ್ಬೆರಳು ಬಂತು. ಎಡಗೈ ಕಿರುಬೆರಳು ಸಿಕ್ಕಿದ ಸೆಲೀನ್ ಮುಖ ಊದಿಸಿಕೊಂಡಳು.

ಮ್ಯಾನೇಜರ್ ವಿದ್ಯಾಧೀಶ ರಾಯರು ಹತ್ತು ಅರ್ಜಿಗಳನ್ನೂ ಅಕ್ಕಪಕ್ಕ ಇಟ್ಟು ಪರಿಶೀಲಿಸಿದರು. ಒಂದರಂತೆ ಇನ್ನೊಂದು ಇರಲಿಲ್ಲ. ಅಂಥ ಶಿಸ್ತು ನೋಡಿ ಅವರ ಕಣ್ಣು ತುಂಬಿತು. ಎಲ್ಲವೂ ಮಂಜೂರು: ಪ್ರತಿಯೊಬ್ಬರಿಗೂ ಅವರವರು ಕೇಳಿದ ಬೆರಳಿಗೆ ಒಂದು ರಬ್ಬರ್ ಟೋಪಿ.

"ಉಳಿದ ಒಂಬತ್ತು ಬೆರಳಿಗೆ ಎಂತ ಮಾಡುವುದು ಸಾರ್?" ಚಂಪಕ್ಕ ಕೇಳಿದರು.

"ಒಂಬತ್ತು ವರ್ಷ ಉಂಟಲ್ಲ," ಎಂದರು ರಾಯರು.

ಲೆಕ್ಕ ಸರಿ ಉಂಟು ಎಂದು ಎಲ್ಲರಿಗೂ ಅನ್ನಿಸಿತು. ನಿವೃತ್ತಿಗೆ ನಾಲ್ಕೇ ವರ್ಷ ಇದ್ದ ಬರ್ತಾಬಾಯಿ, ಇನ್ನು ಯಾವ ನಾಲ್ಕು ಬೆರಳು ಉಳಿಸಿಕೊಳ್ಳುವುದೆಂದು ಅಲ್ಲೇ ನಿಂತು ಯೋಚಿಸತೊಡಗಿದರು.

ತಿಂಗಳೊಳಗೆ ಚಂಪಕ್ಕನ ಹೆಬ್ಬೆರಳಿಗೆ ಗೆರೆ ಮೂಡಿತು. ಮೆಷಿನ್ ಅವರನ್ನು ಗುರುತು ಹಿಡಿಯಿತು. ಅಕ್ಕಿ ಹೊತ್ತುಕೊಂಡು ಮನೆಗೆ ಬಂದರು.

ಅಕ್ಕಿ ಸಿಕ್ಕಿತೆಂಬ ಈ ಕೊನೆ ನಾನೇ ಕಟ್ಟಿದ ಸುಳ್ಳು. ಟೋಪಿ ಇನ್ನೂ ಬಂದಿಲ್ಲ. ಕೇಳಿದರೆ ಚಂಪಕ್ಕ, "ಮಂಜೂರು ಆಗಿದೆಯಲ್ಲ ಮಾರಾಯ, ಮತ್ತೆಂತ ಬೇಕು?" ಎನ್ನುತ್ತಾರೆ.